ತುಕ್ಕು ಹಿಡಿದ ಬೋಲ್ಟು ಮತ್ತು ಮೈಕೈಯ ಕ್ಷೇಮ

"ಕೈ ಕೆಸರಾದರೆ ಬಾಯಿ ಮೊಸರು" ಎಂಬ ಗಾದೆಯನ್ನು ಕೇಳಿ ಬೆಳೆದ ಕನ್ನಡಿಗನು ಯಾವ ಊರಿಗೆ ಹೋಗಿ ನೆಲೆಸಿದರೂ ಕೈಕೆಲಸಕ್ಕೆ ನಾಚುವವನಲ್ಲ. ವಾರವೆಲ್ಲ ಕಚೇರಿಯಲ್ಲಿಯೋ ಹೋಟೆಲಿನಲ್ಲಿಯೋ ದುಡಿದು, ಭಾನುವಾರ ಬೆಳಿಗ್ಗೆ ತನ್ನ ಕಾರಿನ ಬಾನೆಟ್ಟನ್ನೆತ್ತಿ ಅದರೊಳಗೆ ಕಣ್ಣಾಡಿಸುವ ಗೃಹಸ್ಥರು ಬೇಲಾಪುರದಲ್ಲಿಯೂ ಇದ್ದಾರೆ. ಎಣ್ಣೆ ಬದಲಾಯಿಸುವುದು, ಪ್ಲಗ್ಗು ತೊಳೆಯುವುದು ಇವು ಸುಲಭವಾದ ಕೆಲಸಗಳು. ಆದರೆ ರಸ್ತೆಯ ಹಳ್ಳಕ್ಕೆ ಚಕ್ರ ಬಿದ್ದಾಗಲೆಲ್ಲ "ಟಕ್ ಟಕ್" ಎಂಬ ಸದ್ದು ಕೇಳಿಬರತೊಡಗಿ, ಸಸ್ಪೆನ್ಷನ್ನಿನ ಭಾಗವೊಂದನ್ನು ಕಳಚಬೇಕಾಗಿ ಬಂದಾಗ ಪರೀಕ್ಷೆ ಆರಂಭವಾಗುತ್ತದೆ. ಹತ್ತು ಹನ್ನೆರಡು ವರ್ಷ ಕೈ ಸೋಕದೆ ಕುಳಿತ ಬೋಲ್ಟು ಎಷ್ಟು ಎಳೆದರೂ ಅಲುಗುವುದಿಲ್ಲ. ಎಳೆಯುವವನಿಗೆ ಮೊದಲು ಬೇಸರ, ಅನಂತರ ಸಿಟ್ಟು, ಕೊನೆಗೆ ಹಟ. ಅಪಘಾತವು ಒಳಗೆ ಕಾಲಿಡುವುದು ಈ ಹಟದ ಬಾಗಿಲಿನಿಂದಲೇ.

ಬೋಲ್ಟು ಮುರಿದರೆ ಹೊಸದು ದೊರೆಯುತ್ತದೆ. ಕಣ್ಣು, ಬೆರಳು, ಬೆನ್ನುಹುರಿ ಅಂಗಡಿಯಲ್ಲಿ ದೊರೆಯುವ ವಸ್ತುಗಳಲ್ಲ. ಆದ್ದರಿಂದ ಹಟ ಹಿಡಿದ ಭಾಗಗಳನ್ನು ಬಿಚ್ಚುವ ಕ್ರಮವನ್ನೂ, ಬಿಚ್ಚುವವನ ದೇಹವನ್ನು ಕಾಯುವ ಕ್ರಮವನ್ನೂ ಒಟ್ಟಿಗೆ ತಿಳಿದುಕೊಳ್ಳುವುದು ಒಳಿತು.

ಸಸ್ಪೆನ್ಷನ್ ಎಂದರೇನು?

ಕಾರಿನ ಮೈಯನ್ನು ಚಕ್ರಗಳ ಮೇಲೆ ತೂಗುಹಾಕಿದಂತೆ ಹಿಡಿದಿಡುವ ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ತೋಳು ಮತ್ತು ಕೀಲುಗಳ ಸಮೂಹಕ್ಕೆ ಸಸ್ಪೆನ್ಷನ್ ಎಂದು ಹೆಸರು. ಸ್ಪ್ರಿಂಗು ರಸ್ತೆಯ ಏಟನ್ನು ನುಂಗಿಕೊಳ್ಳುತ್ತದೆ. ಶಾಕ್ ಅಬ್ಸಾರ್ಬರು ಆ ಸ್ಪ್ರಿಂಗು ಮತ್ತೆ ಮತ್ತೆ ಪುಟಿಯದಂತೆ ತಡೆಯುತ್ತದೆ. ತೋಳುಗಳು ಚಕ್ರವನ್ನು ಅದರ ಸ್ಥಾನದಲ್ಲಿ ಹಿಡಿದಿಡುತ್ತವೆ. ತೋಳಿನ ಒಂದು ತುದಿಯಲ್ಲಿ ರಬ್ಬರಿನ ಬುಷ್ಷು, ಇನ್ನೊಂದು ತುದಿಯಲ್ಲಿ ಬಾಲ್ ಜಾಯಿಂಟು ಇರುವುದು ವಾಡಿಕೆ. ಮನುಷ್ಯನ ಸೊಂಟ, ಮೊಣಕಾಲು, ಹಿಮ್ಮಡಿಗಳು ಮಾಡುವ ಕೆಲಸವನ್ನೇ ಕಾರಿನಲ್ಲಿ ಇವು ಮಾಡುತ್ತವೆ. ವಯಸ್ಸಾದಂತೆ ಕೀಲುನೋವು ಬರುವುದೂ ಎರಡಕ್ಕೂ ಸಮಾನ.

ಮೋಟಾರಿನ ಕಥೆಯಲ್ಲಿ ಮುಂಬಯಿಗೂ ಕನ್ನಡ ನಾಡಿಗೂ ಹಳೆಯ ನಂಟುಂಟು. ಭಾರತದಲ್ಲಿಯೇ ಮೋಟಾರು ಕಾರ್ಖಾನೆ ಏಳಬೇಕೆಂದು 1930ರ ದಶಕದಲ್ಲಿ ಯೋಜನೆ ಸಿದ್ಧಪಡಿಸಿ, ಅದಕ್ಕಾಗಿ ಯೂರೋಪು ಅಮೆರಿಕಗಳನ್ನು ಸುತ್ತಿ ಬಂದವರು ಸರ್ ಎಂ. ವಿಶ್ವೇಶ್ವರಯ್ಯನವರು. ಅಂದಿನ ಸರ್ಕಾರದ ನೆರವು ದೊರೆಯದೆ ಆ ಯೋಜನೆ ಅವರೆಣಿಸಿದಂತೆ ಕೈಗೂಡಲಿಲ್ಲ. ಮುಂದೆ 1944ರಲ್ಲಿ ವಾಲಚಂದ್ ಹೀರಾಚಂದರು ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಕುರ್ಲಾ ಕಾರ್ಖಾನೆಯಿಂದ ಫಿಯೆಟ್ 1100 ಹೊರಬಂದಿತು. ಅದೇ ವಂಶದ ಕಾರು 1974ರಿಂದ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆಯಿತು. ಮುಂದುಗಡೆ ತೋಳುಗಳ ನಡುವೆ ಸುರುಳಿ ಸ್ಪ್ರಿಂಗು, ಹಿಂದುಗಡೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗು ಇದ್ದ ಆ ಗಟ್ಟಿ ಕಾರನ್ನು ಮುಂಬಯಿಯ ಟ್ಯಾಕ್ಸಿ ಚಾಲಕರು ದಶಕಗಳ ಕಾಲ ಓಡಿಸಿದರು. ನಗರದ ಬೀದಿಗಳಿಂದ ಪದ್ಮಿನಿ ಟ್ಯಾಕ್ಸಿ ಮರೆಯಾದುದು 2023ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಬಳಿಕ ಮುಂದಿನ ಚಕ್ರಗಳಿಗೆ ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಏರ್ಪಾಡು ಮನೆಮನೆಗೂ ಪರಿಚಿತವಾಯಿತು. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ಈ ಏರ್ಪಾಡಿನಲ್ಲಿ ಶಾಕ್ ಅಬ್ಸಾರ್ಬರೂ ಸುರುಳಿ ಸ್ಪ್ರಿಂಗೂ ಒಂದೇ ಕಂಬದಂತೆ ಕೂಡಿರುತ್ತವೆ. ಇಂದಿನ ಸಣ್ಣ ಕಾರುಗಳಲ್ಲಿ ಬಹುಪಾಲು ಇದನ್ನೇ ಅನುಸರಿಸುತ್ತವೆ.

ಬೇಲಾಪುರದ ಗಾಳಿ, ನೀರು ಮತ್ತು ತುಕ್ಕು

ಬೋಲ್ಟು ಏಕೆ ಹಟ ಹಿಡಿಯುತ್ತದೆ? ಕಬ್ಬಿಣ, ನೀರು ಮತ್ತು ಗಾಳಿಯ ಆಮ್ಲಜನಕ ಈ ಮೂರೂ ಕೂಡಿದಲ್ಲಿ ತುಕ್ಕು ಹುಟ್ಟುತ್ತದೆ. ನೀರಿನಲ್ಲಿ ಉಪ್ಪು ಬೆರೆತರೆ ಈ ಕ್ರಿಯೆಯ ವೇಗ ಬಹಳ ಹೆಚ್ಚುತ್ತದೆ. ಬೇಲಾಪುರಕ್ಕೆ ಒಂದು ಕಡೆ ಪಾರ್ಸಿಕ್ ಗುಡ್ಡ, ಇನ್ನೊಂದು ಕಡೆ ಪನ್ವೇಲ್ ಖಾಡಿ. ಭರತ ಇಳಿತಗಳ ಉಪ್ಪುನೀರು ಮ್ಯಾಂಗ್ರೋವ್ ಕಾಡಿನ ಬುಡದವರೆಗೂ ಬಂದುಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯಲ್ಲಿ ರಸ್ತೆಯ ಕೆಸರುನೀರು ಕಾರಿನ ತಳಭಾಗಕ್ಕೆ ಎರಚಿ, ಬುಷ್ಷಿನ ಸಂದುಗಳಲ್ಲಿ ಇಳಿದು ಅಲ್ಲಿಯೇ ಉಳಿಯುತ್ತದೆ. ಮಂಗಳೂರು, ಉಡುಪಿ, ಕಾರವಾರಗಳಿಂದ ಬಂದ ಕುಟುಂಬಗಳಿಗೆ ಈ ಕರಾವಳಿಯ ತುಕ್ಕಿನ ಪರಿಚಯ ಹೊಸತೇನೂ ಅಲ್ಲ. ಬಾವಿಕಟ್ಟೆಯ ರಾಟೆಯನ್ನೂ ಕಿಟಕಿಯ ಸರಳನ್ನೂ ಅದು ತಿಂದುದನ್ನು ಅವರು ಕಂಡವರೇ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಒಂದು ಪಾಲು ಕಬ್ಬಿಣವು ತುಕ್ಕಾದಾಗ ಅದರ ಗಾತ್ರ ಎರಡು ಪಾಲಿಗೂ ಮಿಕ್ಕಿ ಬೆಳೆಯುತ್ತದೆ. ಬೋಲ್ಟಿಗೂ ಅದು ತೂರಿರುವ ಬುಷ್ಷಿನ ಒಳಗಿನ ಉಕ್ಕಿನ ಕೊಳವೆಗೂ ನಡುವೆ ಇರುವ ಕೂದಲೆಳೆಯಷ್ಟು ಸಂದಿನಲ್ಲಿ ತುಕ್ಕು ಹೀಗೆ ಉಬ್ಬಿಕೊಂಡಾಗ, ಎರಡೂ ಬೆಣೆ ಬಡಿದಂತೆ ಬಿಗಿಯುತ್ತವೆ. ನಟ್ಟು ಸಲೀಸಾಗಿ ಬಿಚ್ಚಿ ಬಂದರೂ ಬೋಲ್ಟು ಮಾತ್ರ ಹೊರಬರದಿರುವುದಕ್ಕೆ ಇದೇ ಕಾರಣ. ಇಂಥ ಬೋಲ್ಟನ್ನು ತಿರುಗಿಸಿದರೆ ಅದರೊಡನೆ ಕೊಳವೆಯೂ ತಿರುಗಿ ರಬ್ಬರು ತಿರುಚಿಕೊಳ್ಳುತ್ತದೆಯೇ ಹೊರತು ಬಿಡುಗಡೆಯಾಗುವುದಿಲ್ಲ. ಬಲಕ್ಕಿಂತ ಉಪಾಯವೇ ಇಲ್ಲಿ ಫಲಕಾರಿ.

ಮೊದಲ ಕರ್ತವ್ಯ: ಕಾರನ್ನು ಭದ್ರವಾಗಿ ನಿಲ್ಲಿಸುವುದು

ಮನೆಯಲ್ಲಿ ನಡೆಯುವ ರಿಪೇರಿಗಳಲ್ಲಿ ಪ್ರಾಣಕ್ಕೆ ಎರವಾಗುವ ಮುಖ್ಯ ತಪ್ಪು ಒಂದೇ: ಜ್ಯಾಕಿನ ಮೇಲಷ್ಟೇ ನಿಂತ ಕಾರಿನ ಅಡಿಗೆ ನುಸುಳುವುದು. ಕಾರಿನೊಡನೆ ಕೊಡುವ ಕತ್ತರಿ ಜ್ಯಾಕು ಚಕ್ರ ಬದಲಾಯಿಸುವಷ್ಟು ಹೊತ್ತಿಗೆ ಮಾತ್ರ ಮಾಡಿದ್ದು. ಹಟ ಹಿಡಿದ ಬೋಲ್ಟನ್ನು ಬಿಚ್ಚುವಾಗ ಕಾರನ್ನು ಅಡ್ಡಡ್ಡವಾಗಿ ಎಳೆದಂತಾಗುತ್ತದೆ. ಆ ಎಳೆತಕ್ಕೆ ಜ್ಯಾಕು ಜಾರುತ್ತದೆ. ಎಂಟುನೂರು, ಸಾವಿರ ಕಿಲೋ ತೂಕದ ವಾಹನವು ಬೀಳಲು ಒಂದು ಕ್ಷಣ ಸಾಕು. ಕೆಳಗಿದ್ದವನಿಗೆ ಕೂಗಲೂ ಸಮಯ ಸಿಗುವುದಿಲ್ಲ.

ಆದುದರಿಂದ ಈ ಕೆಳಗಿನ ನಿಯಮಗಳನ್ನು ಎಂದೂ ಮೀರಕೂಡದು.

ನೆಲವು ಸಮತಟ್ಟಾಗಿಯೂ ಗಟ್ಟಿಯಾಗಿಯೂ ಇರಬೇಕು. ವಸತಿ ಸೊಸೈಟಿಗಳ ಅಂಗಳದಲ್ಲಿ ಹಾಸುವ ಸಿಮೆಂಟಿನ ಪೇವರ್ ಬಿಲ್ಲೆಗಳು ಒಂದೆಡೆ ಒತ್ತಡ ಬಿದ್ದಾಗ ಕುಸಿಯಬಲ್ಲವು. ಬೇಸಿಗೆಯ ಬಿಸಿಲಿಗೆ ಡಾಂಬರು ಮೆತ್ತಗಾಗುತ್ತದೆ. ಅಂಥಲ್ಲಿ ಸ್ಟ್ಯಾಂಡಿನ ಕಾಲುಗಳ ಕೆಳಗೆ ದಪ್ಪನೆಯ ಮರದ ಹಲಗೆಯನ್ನು ಹಾಸತಕ್ಕದ್ದು. ನೆಲದ ಮೇಲೆ ಉಳಿಯುವ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಮರದ ಬೆಣೆ ಕೊಡಬೇಕು. ಬಹುತೇಕ ಕಾರುಗಳಲ್ಲಿ ಹ್ಯಾಂಡ್ ಬ್ರೇಕು ಹಿಂದಿನ ಚಕ್ರಗಳನ್ನಷ್ಟೇ ಹಿಡಿಯುತ್ತದೆ. ಹಿಂಭಾಗವನ್ನು ಎತ್ತಿದಾಗ ಅದರಿಂದ ಪ್ರಯೋಜನವಿಲ್ಲವೆಂಬುದನ್ನು ಮರೆಯಬಾರದು.

ಕಾರಿನ ತೂಕವನ್ನು ಹೊರಬೇಕಾದದ್ದು ಉಕ್ಕಿನ ಸ್ಟ್ಯಾಂಡುಗಳೇ. ಅವುಗಳ ಮೇಲೆ ಎಷ್ಟು ತೂಕಕ್ಕೆ ಯೋಗ್ಯವೆಂದು ಬರೆದಿರುತ್ತದೆ. ಅದನ್ನು ನೋಡಿ ಕೊಳ್ಳಬೇಕು. ಇಟ್ಟಿಗೆ, ಟೊಳ್ಳು ಸಿಮೆಂಟ್ ಬ್ಲಾಕು, ಕಲ್ಲುಗಳ ರಾಶಿ ಇವನ್ನು ಎಂದಿಗೂ ಬಳಸಕೂಡದು. ಅವು ಬಿರುಕು ಬಿಡುವ ಮುನ್ನ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಸ್ಟ್ಯಾಂಡಿನ ಮೇಲೆ ಕೂರಿಸಿದ ಅನಂತರ ಕಾರನ್ನು ಹೊರಗಿನಿಂದಲೇ ಬಲವಾಗಿ ಅಲುಗಿಸಿ ನೋಡಬೇಕು. ಬೀಳುವುದಿದ್ದರೆ ಯಾರೂ ಅಡಿಯಲ್ಲಿಲ್ಲದಾಗಲೇ ಬೀಳಲಿ. ಕಳಚಿದ ಚಕ್ರವನ್ನು ಕಾರಿನ ಅಂಚಿನ ಕೆಳಗೆ ಮಲಗಿಸಿಟ್ಟರೆ ಅದು ಎರಡನೆಯ ಕಾವಲು.

ಅತ್ಯಂತ ಬಿಗಿಯಾದ ಚಕ್ರದ ನಟ್ಟುಗಳನ್ನೂ ಆಕ್ಸಲ್ಲಿನ ನಡುವಿನ ನಟ್ಟನ್ನೂ ಕಾರು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿಕೊಳ್ಳಬೇಕು. ಉಂಗುರ, ಕೈಗಡಿಯಾರ, ಕೊರಳಿನ ಸರಗಳನ್ನು ತೆಗೆದಿಡಬೇಕು. ಲುಂಗಿ, ಸಡಿಲವಾದ ಅಂಗಿಯ ತೋಳು ಈ ಕೆಲಸಕ್ಕೆ ತಕ್ಕವಲ್ಲ. ಕಣ್ಣಿಗೆ ಕನ್ನಡಕದಂಥ ರಕ್ಷಣೆ, ಕೈಗೆ ಗವಸು, ಕಾಲಿಗೆ ಮುಚ್ಚಿದ ಬೂಟು ಅತ್ಯವಶ್ಯ. ಮಕ್ಕಳನ್ನು ದೂರವಿಡಬೇಕು, ಆದರೆ ಒಬ್ಬ ದೊಡ್ಡವರು ಕೂಗಳತೆಯಲ್ಲಿ ಇರಲೇಬೇಕು. ಒಂಟಿಯಾಗಿ ಕಾರಿನ ಅಡಿಗೆ ಹೋಗುವುದು ಈಜು ಬಾರದವನು ಒಬ್ಬನೇ ಹೊಳೆಗಿಳಿದಂತೆ.

ಸಾಮದಿಂದ ದಂಡದವರೆಗೆ

ಹಟಮಾರಿಯನ್ನು ಒಲಿಸಲು ಹಿರಿಯರು ಸಾಮ, ದಾನ, ಭೇದ, ದಂಡ ಎಂಬ ನಾಲ್ಕು ಉಪಾಯಗಳನ್ನು ಹೇಳಿದ್ದಾರೆ. ಬೋಲ್ಟಿನ ವಿಷಯದಲ್ಲಿಯೂ ಈ ಕ್ರಮವೇ ಸರಿ. ಮೊದಲೇ ದಂಡಕ್ಕೆ ಕೈ ಹಾಕುವವನು ಬೋಲ್ಟಿನ ತಲೆಯನ್ನು ಸವೆಸಿ ಕೆಲಸವನ್ನು ಹತ್ತು ಪಾಲು ಹೆಚ್ಚಿಸಿಕೊಳ್ಳುತ್ತಾನೆ.

ಸಾಮವೆಂದರೆ ಶುಚಿ ಮತ್ತು ಎಣ್ಣೆ. ನಟ್ಟಿನಿಂದ ಹೊರಚಾಚಿರುವ ತಿರುಪಿನ ಹಲ್ಲುಗಳನ್ನು ತಂತಿಯ ಬ್ರಶ್ಶಿನಿಂದ ಉಜ್ಜಿ ಮಣ್ಣು ತುಕ್ಕುಗಳನ್ನು ತೆಗೆಯಬೇಕು. ಕೊಳಕಿನ ಮೇಲೆ ಸುರಿದ ಎಣ್ಣೆ ಒಳಗಿಳಿಯುವುದಿಲ್ಲ. ಕೊಳಕಿನ ಮೇಲೆ ತಿರುಗುವ ನಟ್ಟು ನಡುದಾರಿಯಲ್ಲಿ ಮತ್ತೆ ಸಿಕ್ಕಿಕೊಳ್ಳುತ್ತದೆ. ಬಳಿಕ ಸಂದುಗಳಲ್ಲಿ ಇಳಿಯುವಂಥ ತೆಳುವಾದ ಎಣ್ಣೆಯನ್ನು ಹಾಕಬೇಕು. ಹಳೆಯ ಮೆಕ್ಯಾನಿಕ್ಕುಗಳು ಇದಕ್ಕೆ ಸೀಮೆಎಣ್ಣೆಯನ್ನೋ ಡೀಸೆಲನ್ನೋ ಬಳಸುತ್ತಿದ್ದರು. ಈಗ ಇದಕ್ಕೆಂದೇ ಮಾಡಿದ ಡಬ್ಬಿಯ ದ್ರವಗಳು ಸಿಗುತ್ತವೆ. ಯಾವುದನ್ನೇ ಬಳಸಿದರೂ ಮುಖ್ಯವಾದದ್ದು ಕಾಲಾವಕಾಶ. ಭಾನುವಾರದ ಕೆಲಸಕ್ಕೆ ಶುಕ್ರವಾರ ರಾತ್ರಿ ಒಮ್ಮೆ, ಶನಿವಾರ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಎಣ್ಣೆ ಹಾಕಿ ಬಿಟ್ಟರೆ ಅರ್ಧ ಕೆಲಸ ಮುಗಿದಂತೆಯೇ. ಈ ಎಣ್ಣೆಗಳೆಲ್ಲ ಬೆಂಕಿಗೆ ಬೇಗ ತುತ್ತಾಗುವಂಥವು. ಅಲ್ಲಿ ಬೀಡಿ ಸಿಗರೇಟು ಸಲ್ಲದು. ಬ್ರೇಕಿನ ತಟ್ಟೆಗಾಗಲಿ ಲೈನಿಂಗಿಗಾಗಲಿ ಅದರ ಹನಿ ಬೀಳಬಾರದು. ಬಿದ್ದರೆ ಬ್ರೇಕು ಜಾರುತ್ತದೆ.

ದಾನವೆಂದರೆ ಸರಿಯಾದ ಉಪಕರಣವನ್ನು ಒದಗಿಸುವುದು. ಮುಂಬಯಿಯ ಗ್ಯಾರೇಜುಗಳಲ್ಲಿ ಪಾನಾ ಎಂದು ಕರೆಯುವ ಸ್ಪ್ಯಾನರುಗಳಲ್ಲಿ ಬಾಯಿ ತೆರೆದ ಪಾನಾ ಹಟಮಾರಿ ನಟ್ಟಿಗೆ ತಕ್ಕುದಲ್ಲ. ಅದು ಎರಡು ಮುಖಗಳನ್ನಷ್ಟೇ ಹಿಡಿದು ಜಾರುತ್ತದೆ. ಆರು ಮೂಲೆಯ ಸಾಕೆಟ್ಟು ನಟ್ಟಿನ ಆರೂ ಮುಖಗಳನ್ನು ಹಿಡಿಯುತ್ತದೆ. ಅದಕ್ಕೆ ಉದ್ದನೆಯ ಹಿಡಿ ಬೇಕು. 30 ಸೆಂಟಿಮೀಟರ್ ಉದ್ದದ ಹಿಡಿಯನ್ನು 25 ಕಿಲೋ ಬಲದಿಂದ ಎಳೆದರೆ ನಟ್ಟಿಗೆ ದೊರೆಯುವ ತಿರುಚು ಬಲ 7.5 ಕಿಲೋಗ್ರಾಂ ಮೀಟರ್. ಹಿಡಿಯ ಉದ್ದ 60 ಸೆಂಟಿಮೀಟರ್ ಆದರೆ ಅದೇ ಎಳೆತಕ್ಕೆ 15 ಕಿಲೋಗ್ರಾಂ ಮೀಟರ್. ತೋಳಿನ ಶಕ್ತಿ ಹೆಚ್ಚಬೇಕಾಗಿಲ್ಲ, ಹಿಡಿಯ ಉದ್ದ ಹೆಚ್ಚಿದರೆ ಸಾಕು. ಆದರೆ ಒಳಗೆ ಹಲ್ಲುಗಾಲಿಯಿರುವ ರ‍್ಯಾಚೆಟ್ ಹಿಡಿಗೆ ಪೈಪು ಸಿಕ್ಕಿಸಿ ಎಳೆಯಕೂಡದು. ಅದರ ಹಲ್ಲು ಮುರಿದು ಕೈ ನೇರವಾಗಿ ಚೂಪಾದ ತಗಡಿಗೆ ಬಡಿಯುತ್ತದೆ. ಹಿಡಿಯನ್ನು ಸದಾ ತನ್ನ ಕಡೆಗೆ ಎಳೆಯಬೇಕೇ ಹೊರತು ತಳ್ಳಬಾರದು. ತಳ್ಳಲೇಬೇಕಾದಲ್ಲಿ ಬೆರಳು ಮಡಚದೆ ಅಂಗೈಯಿಂದ ತಳ್ಳಬೇಕು. ನಟ್ಟು ಥಟ್ಟನೆ ಬಿಟ್ಟುಕೊಂಡಾಗ ಗೆಣ್ಣುಗಳು ಉಳಿಯುವುದು ಹೀಗೆಯೇ.

ಭೇದವೆಂದರೆ ತುಕ್ಕಿನ ಹಿಡಿತವನ್ನು ಒಡೆಯುವುದು. ಬಿಚ್ಚುವ ಮುನ್ನ ನಟ್ಟನ್ನು ಒಂದಿಷ್ಟೇ ಬಿಗಿಯುವ ದಿಕ್ಕಿಗೆ ತಿರುಗಿಸಿ ನೋಡಬೇಕು. ಇದು ವಿಚಿತ್ರವೆನಿಸಬಹುದು, ಆದರೆ ತುಕ್ಕಿನ ಪದರವು ಯಾವ ದಿಕ್ಕಿಗೆ ಅಲುಗಿದರೂ ಬಿರಿಯುತ್ತದೆ, ಬಿರಿದ ಸಂದಿನಲ್ಲಿ ಎಣ್ಣೆ ಇಳಿಯುತ್ತದೆ. ಬೋಲ್ಟಿನ ತಲೆಯ ಮೇಲೆ ಸುತ್ತಿಗೆಯಿಂದ ನಾಲ್ಕಾರು ನೇರವಾದ ಏಟು ಕೊಡುವುದೂ ಸಹಾಯಕ. ನಿರಂತರವಾದ ಎಳೆತಕ್ಕೆ ಬಗ್ಗದ ತುಕ್ಕು ಚುರುಕಾದ ಏಟಿಗೆ ಒಡೆಯುತ್ತದೆ. ಒಮ್ಮೆ ಅಲುಗಿತೆಂದು ಭರದಿಂದ ಬಿಚ್ಚಿಬಿಡಬಾರದು. ಕಾಲು ಸುತ್ತು ಬಿಚ್ಚಿ, ಅದರರ್ಧ ಹಿಂದಕ್ಕೆ ಬಿಗಿದು, ಎಣ್ಣೆ ಹನಿಸಿ, ಮತ್ತೆ ಬಿಚ್ಚಬೇಕು. ಬಿಚ್ಚುವಾಗ ಹಿಡಿಯು ರಬ್ಬರಿನಂತೆ ಬಳುಕುತ್ತಿದ್ದರೆ, ಬೋಲ್ಟು ಮುರಿಯುವ ಹಂತಕ್ಕೆ ಬಂದಿದೆಯೆಂದು ತಿಳಿಯಬೇಕು.

ಗಟ್ಟಿ ಉಕ್ಕಿಗೆ ಗಟ್ಟಿ ಉಕ್ಕನ್ನು ಬಡಿದಾಗ ಚೂರು ಸಿಡಿಯುತ್ತದೆ. ಬಂದೂಕಿನ ಗುಂಡಿನಂತೆ ಹಾರುವ ಆ ಚೂರಿಗೆ ಕಣ್ಣೇ ಗುರಿ. ಒಂದು ಸುತ್ತಿಗೆಯ ಮುಖದ ಮೇಲೆ ಇನ್ನೊಂದರಿಂದ ಬಡಿಯಕೂಡದು. ನಡುವೆ ಹಿತ್ತಾಳೆಯ ತುಂಡನ್ನಿಟ್ಟು ಬಡಿಯುವುದು ಕ್ಷೇಮ. ತಲೆ ಅಣಬೆಯಂತೆ ಹರಡಿದ ಉಳಿಯನ್ನು ಸಾಣೆ ಹಿಡಿಸದೆ ಬಳಸಬಾರದು.

ಕಡೆಯ ಉಪಾಯವಾದ ದಂಡದಲ್ಲಿ ಎರಡು ಬಗೆ: ಕಾಯಿಸುವುದು ಮತ್ತು ಕತ್ತರಿಸುವುದು. ಕಬ್ಬಿಣವು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಗೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು 12 ಪಾಲಿನಷ್ಟು ಹಿಗ್ಗುತ್ತದೆ. 12 ಮಿಲಿಮೀಟರ್ ಅಗಲದ ರಂಧ್ರವಿರುವ ನಟ್ಟನ್ನು 200 ಡಿಗ್ರಿ ಹೆಚ್ಚು ಬಿಸಿ ಮಾಡಿದರೆ ಆ ರಂಧ್ರ ಹಿಗ್ಗುವುದು ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಪಾಲು ಮಾತ್ರ. ಕೇಳಲು ಅಲ್ಪ, ಆದರೆ ತುಕ್ಕಿನ ಪದರವನ್ನು ಬಿರಿಸಲು ಅಷ್ಟು ಸಾಕು.

ಹೀಗಿದ್ದರೂ ಗ್ಯಾಸಿನ ಜ್ವಾಲೆಯನ್ನು ಮನೆಯ ಅಂಗಳದಲ್ಲಿ ಬಳಸದಿರುವುದೇ ವಿವೇಕ. ಸಸ್ಪೆನ್ಷನ್ನಿನ ಸಮೀಪದಲ್ಲಿಯೇ ಪೆಟ್ರೋಲಿನ ಪೈಪು, ಬ್ರೇಕಿನ ರಬ್ಬರು ನಳಿಕೆ, ಗ್ರೀಸು ತುಂಬಿದ ಕೀಲುಗಳಿರುತ್ತವೆ. ಅನಿಲ ತುಂಬಿದ ಶಾಕ್ ಅಬ್ಸಾರ್ಬರು ಬಿಸಿಯೇರಿದರೆ ಸಿಡಿಯಬಲ್ಲುದು. ರಬ್ಬರು ಬುಷ್ಷನ್ನು ಸುಟ್ಟು ತೆಗೆಯುವ ವಾಡಿಕೆ ಕೆಲವೆಡೆ ಉಂಟು; ಆ ಕಪ್ಪು ಹೊಗೆ ಶ್ವಾಸಕೋಶಕ್ಕೆ ವಿಷ. ಸತುವಿನ ಲೇಪವಿರುವ ಬೋಲ್ಟನ್ನು ಕೆಂಪಗೆ ಕಾಯಿಸಿದಾಗ ಏಳುವ ಹೊಗೆಯನ್ನು ಉಸಿರಾಡಿದವನಿಗೆ ಕೆಲವು ಗಂಟೆಗಳ ಬಳಿಕ ಚಳಿ ಜ್ವರ ಬರಬಹುದು. ಬ್ರೇಕು ತೊಳೆಯುವ ಕೆಲವು ದ್ರವಗಳಲ್ಲಿ ಕ್ಲೋರಿನ್ ಸೇರಿದ ರಾಸಾಯನಿಕವಿರುತ್ತದೆ. ಅದು ಜ್ವಾಲೆಗೆ ತಗುಲಿದರೆ ಫಾಸ್ಜೀನ್ ಎಂಬ ಮಾರಕ ಅನಿಲ ಹುಟ್ಟುತ್ತದೆ. ಕಾಯಿಸಲೇಬೇಕಾದ ಪ್ರಸಂಗ ಬಂದರೆ ಆ ಕೆಲಸವನ್ನು ಗ್ಯಾರೇಜಿನ ಅನುಭವಿಗೆ ಬಿಡಬೇಕು.

ಮನೆಯಲ್ಲಿ ಮಾಡಬಹುದಾದದ್ದು ಕತ್ತರಿಸುವ ಕೆಲಸ. ಬೋಲ್ಟು ಬುಷ್ಷಿನ ಕೊಳವೆಗೆ ಅಂಟಿದ್ದರೆ, ಬುಷ್ಷಿಗೂ ಅದನ್ನು ಹಿಡಿದ ತಗಡಿಗೂ ನಡುವಿನ ಸಂದಿನಲ್ಲಿ ಹ್ಯಾಕ್ಸಾ ಅಲಗನ್ನು ತೂರಿಸಿ ಎರಡು ಪಕ್ಕದಲ್ಲಿಯೂ ಬೋಲ್ಟನ್ನು ಕೊಯ್ದರೆ ತೋಳು ಕೆಳಗಿಳಿಯುತ್ತದೆ. ಬುಷ್ಷನ್ನೂ ಬೋಲ್ಟನ್ನೂ ಹೇಗೂ ಬದಲಾಯಿಸಲೇಬೇಕಾಗಿರುವುದರಿಂದ ನಷ್ಟವೇನೂ ಇಲ್ಲ. ಒಂದು ತಾಸಿನ ಈ ತಾಳ್ಮೆಯ ಕೆಲಸ ಇಡೀ ದಿನದ ಗುದ್ದಾಟಕ್ಕಿಂತ ಮೇಲು.

ಬಾಲ್ ಜಾಯಿಂಟು ಮತ್ತು ಟೈ ರಾಡಿನ ತುದಿ

ಕೆಲವು ಕೀಲುಗಳು ತುಕ್ಕಿಲ್ಲದೆಯೂ ಬಿಗಿದಿರುತ್ತವೆ. ಬಾಲ್ ಜಾಯಿಂಟಿನ ಕಂಬವು ಕೆಳಗೆ ದಪ್ಪ, ಮೇಲೆ ಸಣ್ಣ ಇರುವ ಬೆಣೆಯಾಕಾರದ್ದು. ನಟ್ಟು ಬಿಗಿದಂತೆ ಅದು ತನ್ನ ರಂಧ್ರದಲ್ಲಿ ಬೆಣೆಯಂತೆ ಕೂರುತ್ತದೆ. ನಟ್ಟು ತೆಗೆದ ಮಾತ್ರಕ್ಕೆ ಅದು ಬಿಡುವುದಿಲ್ಲ. ಕಂಬದ ತುದಿಗೆ ಬಡಿಯುವುದು ಹೊಸಬರು ಮಾಡುವ ತಪ್ಪು. ಅದರಿಂದ ತಿರುಪಿನ ಹಲ್ಲು ಹಾಳಾಗುತ್ತದೆ, ಕೀಲು ಬಿಡುವುದಿಲ್ಲ.

ಸರಿಯಾದ ಕ್ರಮ ಹೀಗೆ. ನಟ್ಟನ್ನು ಕೆಲವು ಸುತ್ತು ಸಡಿಲಿಸಿ ಅಲ್ಲಿಯೇ ಬಿಡಬೇಕು. ಕೀಲು ಥಟ್ಟನೆ ಬಿಟ್ಟಾಗ ತೋಳು ಮುಖಕ್ಕೋ ಮೊಣಕಾಲಿಗೋ ಬಡಿಯದಂತೆ ಅದು ತಡೆಯುತ್ತದೆ. ಕಂಬವು ತೂರಿರುವ ಲೋಹದ ಕಣ್ಣಿನ ಪಕ್ಕಕ್ಕೆ ಭಾರವಾದ ಸುತ್ತಿಗೆಯಿಂದ ಬಲವಾದ ಏಟು ಕೊಟ್ಟರೆ, ಆ ಕಣ್ಣು ಕ್ಷಣಕಾಲ ಅಂಡಾಕಾರಕ್ಕೆ ತಿರುಗಿ ಬೆಣೆಯನ್ನು ಬಿಟ್ಟುಕೊಡುತ್ತದೆ. ಆ ಭಾಗ ಅಲ್ಯೂಮಿನಿಯಂ ಆಗಿದ್ದರೆ ಬಡಿಯಬಾರದು. ಅಲ್ಲಿ ತಿರುಪಿನ ಪುಲ್ಲರನ್ನೇ ಬಳಸಬೇಕು. ಪುಲ್ಲರನ್ನು ಬಿಗಿದು ಒತ್ತಡ ಕೊಟ್ಟ ಸ್ಥಿತಿಯಲ್ಲಿ ಅದರೆದುರು ಮುಖವಿಟ್ಟು ಇಣುಕಬಾರದು. ಕವಲಿನ ಬೆಣೆಯನ್ನು ಬಡಿದು ಬಿಡಿಸುವ ಪದ್ಧತಿಯೂ ಇದೆ. ಅದು ರಬ್ಬರಿನ ಮುಚ್ಚಳವನ್ನು ಹರಿಯುವುದರಿಂದ, ಕೀಲನ್ನು ಮತ್ತೆ ಬಳಸಬೇಕಾಗಿದ್ದರೆ ಯೋಗ್ಯವಲ್ಲ.

ಅಡಗಿ ಕುಳಿತ ಸ್ಪ್ರಿಂಗು

ಸ್ಟ್ರಟ್ಟಿನ ಸುರುಳಿ ಸ್ಪ್ರಿಂಗು ಕಾರಿನಿಂದ ಕಳಚಿದ ಮೇಲೆಯೂ ಒತ್ತಡದಲ್ಲಿಯೇ ಇರುತ್ತದೆ. ಮೇಲಿನ ನಡುನಟ್ಟನ್ನು ಹಾಗೆಯೇ ಬಿಚ್ಚಿದರೆ ಆ ಶಕ್ತಿಯೆಲ್ಲವೂ ಒಮ್ಮೆಲೇ ಹೊರಚಿಮ್ಮಿ, ಮೇಲಿನ ತಟ್ಟೆ ಎದುರಿಗಿದ್ದವನ ಮುಖಕ್ಕೋ ಎದೆಗೋ ಬಡಿಯುತ್ತದೆ. ಸ್ಪ್ರಿಂಗನ್ನು ಅದುಮಿ ಹಿಡಿಯುವ ಕಂಪ್ರೆಸರ್ ಎಂಬ ಉಪಕರಣವಿಲ್ಲದೆ ಆ ನಟ್ಟನ್ನು ಮುಟ್ಟಲೇಕೂಡದು. ಬಾಡಿಗೆಗೆ ತಂದ ಸವೆದ ಕಂಪ್ರೆಸರು, ತಂತಿ, ಹಗ್ಗ ಇವುಗಳನ್ನು ನಂಬುವುದು ಪ್ರಾಣದೊಡನೆ ಜೂಜಾಟ. ಇಡೀ ಸ್ಟ್ರಟ್ಟನ್ನು ಕಳಚಿ ಗ್ಯಾರೇಜಿಗೆ ಕೊಂಡೊಯ್ದು, ಅಲ್ಲಿಯ ಯಂತ್ರದಲ್ಲಿ ಸ್ಪ್ರಿಂಗನ್ನು ಬದಲಾಯಿಸಿಕೊಂಡು ಬರುವುದು ಅತ್ಯುತ್ತಮ.

ಹಳೆಯ ಕಾರಿನ ಚಕ್ರದೊಳಗಿನ ಧೂಳಿನ ವಿಷಯದಲ್ಲಿಯೂ ಎಚ್ಚರ ಬೇಕು. ಹಿಂದಿನ ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಸೂಕ್ಷ್ಮ ಎಳೆಗಳು ಶ್ವಾಸಕೋಶವನ್ನು ಸೇರಿದರೆ ದಶಕಗಳ ತರುವಾಯ ಕ್ಯಾನ್ಸರ್ ಉಂಟುಮಾಡಬಲ್ಲವು. ಆ ಧೂಳನ್ನು ಬಾಯಿಂದ ಊದುವುದಾಗಲಿ, ಒಣ ಬ್ರಶ್ಶಿನಿಂದ ಕೊಡವುವುದಾಗಲಿ ಸಲ್ಲದು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಬೇಕು.

ಪೆಟ್ಟಾದಾಗ

ಕಣ್ಣು: ಚೂರು ಬಿದ್ದರೆ ಉಜ್ಜಬಾರದು, ಕರವಸ್ತ್ರದ ತುದಿ, ಬೆಂಕಿಕಡ್ಡಿಗಳಿಂದ ತೆಗೆಯಲು ಹೋಗಬಾರದು. ಕಬ್ಬಿಣದ ಚೂರು ಕಣ್ಣಿನ ಕರಿಗುಡ್ಡೆಯ ಮೇಲೆ ಕೆಲವೇ ಗಂಟೆಗಳಲ್ಲಿ ತುಕ್ಕಿನ ಉಂಗುರವನ್ನು ಬಿಡುತ್ತದೆ. ಕಣ್ಣನ್ನು ಒತ್ತದಂತೆ ಮುಚ್ಚಿ ಅದೇ ದಿನ ನೇತ್ರವೈದ್ಯರಲ್ಲಿಗೆ ಹೋಗಬೇಕು. ಎಣ್ಣೆ ಅಥವಾ ರಾಸಾಯನಿಕ ಸಿಡಿದಿದ್ದರೆ ಶುದ್ಧ ನೀರಿನಿಂದ ಕನಿಷ್ಠ 15ರಿಂದ 20 ನಿಮಿಷ ತೊಳೆದು ಅನಂತರ ವೈದ್ಯರನ್ನು ಕಾಣಬೇಕು.

ಗಾಯ: ಶುಚಿಯಾದ ಬಟ್ಟೆಯಿಂದ ಒತ್ತಿ ಹಿಡಿದು ರಕ್ತವನ್ನು ನಿಲ್ಲಿಸಿ, ಸಾಬೂನು ನೀರಿನಿಂದ ತೊಳೆಯಬೇಕು. ತುಕ್ಕಿನಿಂದಲೇ ಧನುರ್ವಾಯು ಬರುತ್ತದೆಂಬುದು ತಪ್ಪು ಗ್ರಹಿಕೆ. ಅದಕ್ಕೆ ಕಾರಣ ಮಣ್ಣಿನಲ್ಲಿಯೂ ಸೆಗಣಿಯಲ್ಲಿಯೂ ಇರುವ ಒಂದು ರೋಗಾಣು. ಕಾರಿನ ತಳದ ಕೆಸರಿನಲ್ಲಿ ಅದಕ್ಕೆ ಕೊರತೆಯಿಲ್ಲ. ಮಣ್ಣು ಸೇರಿದ ಗಾಯವಾಗಿ, ಕಡೆಯ ಚುಚ್ಚುಮದ್ದು ಹಾಕಿಸಿಕೊಂಡು ಐದು ವರ್ಷ ಮೀರಿದ್ದರೆ ಮತ್ತೊಂದು ಹಾಕಿಸಿಕೊಳ್ಳುವುದು ಅವಶ್ಯ.

ಸುಟ್ಟರೆ: ತಣ್ಣನೆಯ ಹರಿಯುವ ನೀರಿನಲ್ಲಿ 20 ನಿಮಿಷ ಹಿಡಿಯಬೇಕು. ಟೂತ್‌ಪೇಸ್ಟು, ಶಾಯಿ, ಮಂಜುಗಡ್ಡೆ ಯಾವುದೂ ಬೇಡ.

ಬೆನ್ನು: ಕಳಚಿದ ಭಾಗಗಳು ಕಾಣುವುದಕ್ಕಿಂತ ಭಾರವಾಗಿರುತ್ತವೆ. ಸೊಂಟ ಬಗ್ಗಿಸಿ ಎತ್ತದೆ, ಮೊಣಕಾಲು ಮಡಚಿ ಕುಳಿತು, ಭಾರವನ್ನು ಮೈಗೆ ತಾಗಿಸಿಕೊಂಡು ಏಳಬೇಕು. ನಲವತ್ತು ದಾಟಿದವರಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ.

ಕಾರಿನ ಅಡಿಯಲ್ಲಿ ಸಿಕ್ಕಿಕೊಂಡರೆ: ರಕ್ಷಿಸಲು ಬಂದವರು ತಾವೂ ಅಡಿಗೆ ನುಸುಳಬಾರದು. 108ಕ್ಕೆ ಕರೆ ಮಾಡಿ, ಇನ್ನೊಂದು ಜ್ಯಾಕಿನಿಂದ ಕಾರನ್ನೆತ್ತಿ ಆಧಾರ ಕೊಟ್ಟ ಬಳಿಕವೇ ಗಾಯಾಳುವನ್ನು ಹೊರತೆಗೆಯಬೇಕು. ಮೇಲ್ನೋಟಕ್ಕೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಒಯ್ಯಲೇಬೇಕು. ಒಳಗಿನ ರಕ್ತಸ್ರಾವ ಹೊರಗೆ ಕಾಣುವುದಿಲ್ಲ.

ಕೆಲಸ ಮುಗಿದ ಮೇಲೆ ಪೆಟ್ರೋಲಿನಿಂದಲೋ ಸೀಮೆಎಣ್ಣೆಯಿಂದಲೋ ಕೈ ತೊಳೆಯುವ ಅಭ್ಯಾಸ ಒಳ್ಳೆಯದಲ್ಲ. ಅದು ಚರ್ಮದ ಜಿಡ್ಡನ್ನು ಕಳೆದು ಬಿರುಕು, ತುರಿಕೆಗಳನ್ನುಂಟುಮಾಡುತ್ತದೆ. ಕೊಬ್ಬರಿ ಎಣ್ಣೆಯನ್ನು ತಿಕ್ಕಿ ಅನಂತರ ಸಾಬೂನು ಹಚ್ಚಿದರೆ ಗ್ರೀಸು ಬಿಡುತ್ತದೆ.

ಮರುಜೋಡಣೆಯ ವಿವೇಕ

ಕಳಚುವುದಕ್ಕಿಂತ ಜೋಡಿಸುವುದರಲ್ಲಿ ಹೆಚ್ಚಿನ ಹೊಣೆ ಇದೆ; ಏಕೆಂದರೆ ಮುಂದೆ ಆ ಕಾರಿನಲ್ಲಿ ಮನೆಮಂದಿಯೆಲ್ಲ ಕೂರುತ್ತಾರೆ. ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂಬ ಅಂಕಿಗಳಿರುತ್ತವೆ. ಅವು ಉಕ್ಕಿನ ಬಲವನ್ನು ಸೂಚಿಸುತ್ತವೆ. ಹೊಸ ಬೋಲ್ಟಿನ ಮೇಲೆ ಹಳೆಯದರ ಅಂಕಿಯೇ ಇರಬೇಕು. ನೈಲಾನ್ ಉಂಗುರದ ನಟ್ಟು ಮತ್ತು ಸೀಳುಪಿನ್ನುಗಳನ್ನು ಎರಡನೆಯ ಬಾರಿ ಬಳಸಕೂಡದು. ಬೋಲ್ಟಿನ ನಯವಾದ ನಡುಭಾಗಕ್ಕೆ ತುಕ್ಕುನಿರೋಧಕ ಗ್ರೀಸನ್ನು ಸವರಿದರೆ ಮುಂದಿನ ಸಲ ಬಿಚ್ಚುವವನು ಹರಸುತ್ತಾನೆ. ತಿರುಪಿನ ಹಲ್ಲುಗಳಿಗೆ ಮಾತ್ರ ಕಾರಿನ ಕೈಪಿಡಿ ಹೇಳದೆ ಹಚ್ಚಬಾರದು. ಜಾರುವ ನಟ್ಟು ಅಳತೆ ಮೀರಿ ಬಿಗಿಯಾಗುತ್ತದೆ.

ರಬ್ಬರು ಬುಷ್ಷಿನ ಬೋಲ್ಟುಗಳನ್ನು ಚಕ್ರ ತೂಗಾಡುತ್ತಿರುವಾಗ ಪೂರ್ತಿ ಬಿಗಿಯಬಾರದು. ಕಾರಿನ ತೂಕ ಚಕ್ರದ ಮೇಲೆ ಬಿದ್ದ ಬಳಿಕವೇ, ಕೈಪಿಡಿಯಲ್ಲಿ ಕೊಟ್ಟ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿಯತಕ್ಕದ್ದು. ಇಲ್ಲವಾದರೆ ರಬ್ಬರು ಸದಾ ತಿರುಚಿದ ಸ್ಥಿತಿಯಲ್ಲಿದ್ದು ಬೇಗ ಹರಿಯುತ್ತದೆ. ಸ್ಟ್ರಟ್ಟು, ತೋಳು ಅಥವಾ ಟೈ ರಾಡನ್ನು ಮುಟ್ಟಿದ ಮೇಲೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸಲೇಬೇಕು. ಹೆದ್ದಾರಿಗೆ ಹೋಗುವ ಮುನ್ನ ಮನೆಯ ಸುತ್ತಲಿನ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ಬ್ರೇಕು ಹಾಕಿ, ಎರಡು ಕಡೆಗೂ ತಿರುಗಿಸಿ ನೋಡಿ, ಮರುದಿನ ನಟ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ಉಳಿದ ಎಣ್ಣೆ ಗ್ರೀಸುಗಳನ್ನು ಮಳೆನೀರಿನ ಗಟಾರಕ್ಕೆ ಸುರಿಯಬಾರದು. ಬೇಲಾಪುರದ ಗಟಾರದ ನೀರು ಕೊನೆಗೆ ಸೇರುವುದು ಖಾಡಿಯನ್ನೇ. ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಒಪ್ಪಿಸಬೇಕು.

ನಿಲ್ಲಿಸಬೇಕಾದ ವೇಳೆ

ಯಾವ ಹಂತದಲ್ಲಿ ಕೆಲಸ ನಿಲ್ಲಿಸಬೇಕೆಂಬುದನ್ನು ಬಲ್ಲವನೇ ನಿಜವಾದ ಕುಶಲಿ. ಬೋಲ್ಟು ಕಾರಿನ ಮೈಯೊಳಗೆ ಮುರಿದಾಗ, ಜ್ವಾಲೆ ಬೇಕೆನಿಸಿದಾಗ, ಸ್ಪ್ರಿಂಗನ್ನು ಅದುಮಬೇಕಾದಾಗ, ಕತ್ತಲಾಗಿ ಕೈ ಸೋತಾಗ ಅಥವಾ ಮನಸ್ಸಿನಲ್ಲಿ ಸಿಟ್ಟು ಮೂಡಿದಾಗ ಉಪಕರಣಗಳನ್ನು ಕೆಳಗಿಡುವುದೇ ಜಾಣತನ. ಸೋಮವಾರ ಬೆಳಿಗ್ಗೆ ರೈಲಿನಲ್ಲಿ ಕಚೇರಿಗೆ ಹೋಗಿ, ಸಂಜೆ ಮೆಕ್ಯಾನಿಕ್ಕನ್ನು ಕರೆದರೆ ಯಾರ ಮಾನವೂ ಹೋಗುವುದಿಲ್ಲ. ಕೈ ಕೆಸರಾಗಲಿ, ಆದರೆ ಬಾಯಿಗೆ ಮೊಸರನ್ನೆತ್ತಲು ಆ ಕೈಯ ಐದೂ ಬೆರಳು ಕ್ಷೇಮವಾಗಿರಲಿ. ಸಂಜೆ ಮನೆಯವರೊಡನೆ ಊಟಕ್ಕೆ ಕುಳಿತುಕೊಳ್ಳುವಂತಾದರೆ ಆ ದಿನದ ರಿಪೇರಿ ಯಶಸ್ವಿಯಾಯಿತೆಂದೇ ಅರ್ಥ. ಬೋಲ್ಟು ಬಿಟ್ಟಿರಲಿ, ಬಿಡದಿರಲಿ.